ಪೆಟ್ಟಿಗೆಯಲ್ಲಿ ಬಂದ ವಿಮಾನ: ಕಟ್ಟಿ ಮುಗಿಸಿ, 112 ಗಂಟೆ ಹಾರಿಸಿದ ಮೇಲೆ

ಮನೆಯಲ್ಲೇ ಜೋಡಿಸಿ ಕಟ್ಟುವ ಈ ವಿಮಾನದ ಕಿಟ್ ತೆಗೆದುಕೊಳ್ಳಬಹುದಾ ಎಂದು ಕೇಳುವವರಿಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ಪೆಟ್ಟಿಗೆಯಲ್ಲಿ ಮುಕ್ಕಾಲು ವಿಮಾನ ಬರುತ್ತದೆ, ಉಳಿದ ಕಾಲು ಭಾಗ ಜೋಡಿಸಿದರೆ ಆಯಿತು ಎಂಬ ಲೆಕ್ಕದಲ್ಲಿದ್ದರೆ ಸ್ವಲ್ಪ ನಿಲ್ಲಿ. ಬರುವುದು ವಿಮಾನದ ಮೈ. ಇಂಜಿನ್ ಕೂರಿಸುವುದು, ವೈರಿಂಗು, ಪೆಟ್ರೋಲ್ ಪೈಪು, ಇಂಜಿನ್ ತಣ್ಣಗಿಡುವ ಗಾಳಿಯ ದಾರಿ ಎಲ್ಲ ನಿಮ್ಮ ತಲೆಗೇ. ಮೈಯ ವಿಷಯದಲ್ಲಿ ಈ ಕಿಟ್‌ಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಮಿಕ್ಕಿದ್ದರಲ್ಲಿ ದೂರುಗಳಿವೆ.

ನನ್ನದು ಇಬ್ಬರು ಅಕ್ಕಪಕ್ಕ ಕೂರುವ, ಕೆಳರೆಕ್ಕೆಯ, ಪೂರ್ತಿ ಅಲ್ಯೂಮಿನಿಯಂ ವಿಮಾನ. ಮೂತಿಯಡಿ ಒಂದು ಚಕ್ರ, ಹಿಂದೆ ಎರಡು. ಲೈಕಮಿಂಗ್ ಓ-320 ಇಂಜಿನ್, 160 ಅಶ್ವಶಕ್ತಿ. ಕಿಟ್ ನಾಲ್ಕು ಕಂತಿನಲ್ಲಿ ಬಂತು: ಬಾಲ, ರೆಕ್ಕೆ, ಒಡಲು, ಕೊನೆಗೆ ಗಾಜಿನ ಮುಚ್ಚಳ ಮತ್ತು ಚಕ್ರಗಳ ಕಂತು. ಮೊದಲ ಪೆಟ್ಟಿಗೆ ಬಿಚ್ಚಿದ ದಿನದಿಂದ ಮೊದಲ ಹಾರಾಟದವರೆಗೆ ಐದು ವರ್ಷ ನಾಲ್ಕು ತಿಂಗಳು. ನಾನು ಬರೆದಿಟ್ಟ ಲೆಕ್ಕದ ಪುಸ್ತಕದಲ್ಲಿ 2,060 ಗಂಟೆ ಇದೆ. ತಯಾರಕರ ಹೆಸರು ಹಾಕುತ್ತಿಲ್ಲ, ಏಕೆಂದರೆ ನನ್ನ ಮೆಚ್ಚುಗೆಯೂ ದೂರೂ ಈ ಬಗೆಯ ಹೆಚ್ಚಿನ ಕಿಟ್‌ಗಳಿಗೆ ಹೊಂದುತ್ತವೆ.

ಅಲ್ಯೂಮಿನಿಯಂ ಯಾಕೆ ಎಂದು ತುಂಬ ಜನ ಕೇಳಿದ್ದಾರೆ. ಫೋಮ್ ಕತ್ತರಿಸಿ ಮೇಲೆ ಫೈಬರ್ ಗ್ಲಾಸ್ ಹೊದಿಸಿ ಕಟ್ಟುವ ದಾರಿಯೂ ಇದೆ. ಬರ್ಟ್ ರುಟಾನ್ ಅವರ ವ್ಯಾರಿಈಝ್ 1975ರಲ್ಲಿ ಹಾರಿದ ಮೇಲೆ ಆ ದಾರಿ ಹಿಡಿದವರು ಸಾವಿರಾರು. ಸ್ಟೀಲ್ ಪೈಪ್ ಬೆಸೆದು ಬಟ್ಟೆ ಹೊದಿಸುವವರೂ ಇದ್ದಾರೆ. ನನಗೆ ಅಲ್ಯೂಮಿನಿಯಂ ಹಿಡಿಸಿದ್ದು ಒಂದೇ ಕಾರಣಕ್ಕೆ. ತಪ್ಪು ಕಣ್ಣಿಗೆ ಕಾಣುತ್ತದೆ, ಕಂಡ ತಪ್ಪನ್ನು ಡ್ರಿಲ್ ಹಾಕಿ ತೆಗೆದು ಮತ್ತೆ ಮಾಡಬಹುದು. ಫೈಬರ್‌ನಲ್ಲಿ ಒಂದು ಪದರದ ಕೆಳಗೆ ಗಾಳಿಗುಳ್ಳೆ ಉಳಿದರೆ ಅದನ್ನು ಹುಡುಕುವುದೇ ಒಂದು ಕೆಲಸ. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1973ರಲ್ಲಿ ಶುರುಮಾಡಿದ ಕಂಪನಿಯ ಆರ್‌ವಿ ವಿಮಾನಗಳೇ ಇವತ್ತು 10,000ಕ್ಕೂ ಹೆಚ್ಚು ಹಾರಿವೆ, ಅವೆಲ್ಲ ಹೆಚ್ಚುಕಡಿಮೆ ಇದೇ ತಗಡು ಮತ್ತು ರಿವೆಟ್ಟಿನ, ಅಂದರೆ ತಗಡುಗಳನ್ನು ಸೇರಿಸುವ ಲೋಹದ ಮೊಳೆಯ ಕೆಲಸ. ಅಷ್ಟು ಜನ ನಡೆದ ದಾರಿಯಲ್ಲಿ ಸಿಕ್ಕಿಬಿದ್ದರೆ ಕೇಳಲು ಯಾರಾದರೂ ಇರುತ್ತಾರೆ ಎಂಬ ಧೈರ್ಯವೂ ಇತ್ತು.

ಮೊದಲ ಪೆಟ್ಟಿಗೆ ಬಿಚ್ಚಿದಾಗ ಎರಡು ದಿನ ಬರೀ ಎಣಿಸಿದ್ದೇ ಆಯಿತು. ಬೇಸರವೆಂದು ಈ ಕೆಲಸ ಬಿಡಬೇಡಿ. ರಿವೆಟ್ಟುಗಳು ಕಂದು ಕಾಗದದ ಚೀಲಗಳಲ್ಲಿ ತೂಕದ ಲೆಕ್ಕದಲ್ಲಿ ಬರುತ್ತವೆ, ಚೀಲದ ಮೇಲೆ ನಂಬರ್ ಇರುತ್ತದೆ. ಆ ನಂಬರಿನಲ್ಲೇ ಎಲ್ಲ ಅಡಗಿದೆ: ತಲೆಯ ಆಕಾರ, ಲೋಹ, ಇಂಚಿನ 32ನೇ ಭಾಗದ ಲೆಕ್ಕದಲ್ಲಿ ದಪ್ಪ, 16ನೇ ಭಾಗದ ಲೆಕ್ಕದಲ್ಲಿ ಉದ್ದ. ಅದನ್ನು ಓದಲು ಕಲಿತ ಮೇಲೆ ಡ್ರಾಯಿಂಗ್ ಅರ್ಧ ಅರ್ಥವಾದಂತೆ. ನನ್ನ ಎಣಿಕೆಯಲ್ಲಿ ಒಂದು ಹಿಂಜ್ ಪಟ್ಟಿ ಇರಲಿಲ್ಲ, ಒಂದು ರಿಬ್ಬಿನ, ಅಂದರೆ ರೆಕ್ಕೆ ಬಾಲಗಳಿಗೆ ಆಕಾರ ಕೊಡುವ ಒಳಗಿನ ಅಡ್ಡಪಟ್ಟಿಯ ಅಂಚು ಸಾಗಣೆಯಲ್ಲಿ ಮಡಿಚಿತ್ತು. ಬರೆದ ವಾರದಲ್ಲಿ ಎರಡೂ ಹೊಸದಾಗಿ ಬಂದವು. ಎರಡು ವರ್ಷದ ನಂತರ ಕೇಳಿದ್ದರೆ ಯಾರು ನಂಬುತ್ತಿದ್ದರು?

ಇನ್ನೊಂದು ಗಾಬರಿ ಎಲ್ಲ ಹೊಸಬರಿಗೂ ಆಗುವಂಥದ್ದು. ರಿಬ್ಬುಗಳನ್ನು ಮೇಜಿನ ಮೇಲಿಟ್ಟರೆ ಒಂದೂ ನೆಟ್ಟಗಿರಲಿಲ್ಲ, ಬಾಳೆಕಾಯಿಯ ಹಾಗೆ ಬಾಗಿದ್ದವು. ಕೆಟ್ಟ ಮಾಲು ಕಳಿಸಿದ್ದಾರೆ ಎಂದು ಒಂದು ರಾತ್ರಿ ನಿದ್ದೆಯಿಲ್ಲ. ಆಮೇಲೆ ತಿಳಿಯಿತು, ತಗಡಿನ ಅಂಚನ್ನು ಅಚ್ಚಿನಲ್ಲಿ ಮಡಿಚುವಾಗ ಅದು ಹಾಗೆ ಬಾಗುವುದು ಸಹಜ. ತೂತು ತೂತಿನ ನಡುವೆ ಫ್ಲೂಟಿಂಗ್ ಇಕ್ಕಳದಿಂದ ಅಂಚಿಗೆ ಸಣ್ಣ ಸಣ್ಣ ನೆರಿಗೆ ಹಾಕುತ್ತ ಹೋದರೆ ರಿಬ್ಬು ತಾನಾಗಿ ನೆಟ್ಟಗಾಗುತ್ತದೆ. ಈ ಮಾತು ಮ್ಯಾನುಯಲ್‌ನಲ್ಲಿ ಇದೆ, ಆದರೆ ರಿಬ್ಬಿನ ಪುಟದಲ್ಲಿಲ್ಲ. ಮುನ್ನುಡಿಯಂಥ ಒಂದು ಅಧ್ಯಾಯದ ನಡುವೆ ಹೂತಿದೆ. ಈ ಮ್ಯಾನುಯಲ್‌ನ ಗುಣವೇ ಅದು, ಮುಂದೆ ಮತ್ತೆ ಬರುತ್ತೇನೆ.

ಈಗ ಮೆಚ್ಚಿದ್ದು. ಈ ಕಿಟ್ಟಿನ ಬೆಲೆಯೆಲ್ಲ ಇರುವುದು ತೂತುಗಳಲ್ಲಿ. ಹೊರತಗಡು, ರಿಬ್ಬು, ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆಯಾದ ಸ್ಪಾರ್ ಮೂರರಲ್ಲೂ ಕಂಪ್ಯೂಟರ್ ನಡೆಸುವ ಯಂತ್ರ ಮೊದಲೇ ತೂತು ಹೊಡೆದಿರುತ್ತದೆ. ತಗಡನ್ನು ರಿಬ್ಬಿನ ಮೇಲಿಟ್ಟು ಕ್ಲೀಕೋ ಹಾಕಿದರೆ, ಅಂದರೆ ತೂತಿನಲ್ಲಿ ತಾತ್ಕಾಲಿಕವಾಗಿ ಹಿಡಿದಿಡುವ ಸ್ಪ್ರಿಂಗ್ ಪಿನ್ನು ಸಿಕ್ಕಿಸಿದರೆ, ಎಲ್ಲವೂ ಒಂದಕ್ಕೊಂದು ಕೂರುತ್ತದೆ. ಹಿಂದಿನ ತಲೆಮಾರಿನವರು ರೆಕ್ಕೆ ತಿರುಚದಂತೆ ಮರದ ದೊಡ್ಡ ಚೌಕಟ್ಟು ಕಟ್ಟಿಕೊಂಡು ತಿಂಗಳುಗಟ್ಟಲೆ ಅಳೆಯುತ್ತಿದ್ದರು. ಇಲ್ಲಿ ತೂತು ಹೊಂದಿತೆಂದರೆ ರೆಕ್ಕೆ ನೆಟ್ಟಗಿದೆ ಎಂದೇ ಅರ್ಥ. ನನ್ನ ಎರಡೂ ರೆಕ್ಕೆ ಮುಗಿದ ಮೇಲೆ ಬುಡದಿಂದ ತುದಿಯವರೆಗೆ ಅಳೆದೆ. ತಿರುಚಿದ್ದು ನನ್ನ ಅಳತೆಗೋಲಿಗೆ ಸಿಗಲೇ ಇಲ್ಲ.

ತಗಡಿನ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕಳಿಸುತ್ತಾರೆ. ಗೀರು ಬೀಳದಿರಲಿ ಎಂದು ಅದನ್ನು ವರ್ಷಗಟ್ಟಲೆ ಬಿಟ್ಟವರನ್ನು ನೋಡಿದ್ದೇನೆ. ಬಿಡಬೇಡಿ. ಈ ಮಿಶ್ರಲೋಹದಲ್ಲಿ ತಾಮ್ರ ಇರುವುದರಿಂದ ತುಕ್ಕು ಹಿಡಿಯುವ ಸ್ವಭಾವ ಇದೆ, ಅದಕ್ಕೇ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳು ಲೇಪ ಇರುತ್ತದೆ. ಹಾಳೆಯಡಿ ತೇವ ಕೂತರೆ ಆ ಲೇಪಕ್ಕೇ ಹೊಡೆತ. ನಾನು ಬಿಸಿ ಸೋಲ್ಡರಿಂಗ್ ಕಡ್ಡಿಯ ಮೊಂಡು ತುದಿಯಿಂದ ರಿವೆಟ್ ಸಾಲಿನ ಎರಡೂ ಬದಿ ಗೆರೆ ಎಳೆದು ಪಟ್ಟಿ ಪಟ್ಟಿಯಾಗಿ ಕಿತ್ತೆ, ರಿವೆಟ್ ಮುಗಿದ ಕೂಡಲೇ ಉಳಿದದ್ದನ್ನೂ ತೆಗೆದೆ.

ರಿವೆಟ್ಟಿನ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಐದು ವರ್ಷದ ಹೆಚ್ಚಿನ ಭಾಗ ಅದರಲ್ಲೇ ಹೋಗಿದೆ. ಒಬ್ಬರು ಹೊರಗಿನಿಂದ ಗಾಳಿಯ ಗನ್ ಹಿಡಿಯಬೇಕು, ಇನ್ನೊಬ್ಬರು ಒಳಗಿನಿಂದ ರಿವೆಟ್ಟಿನ ಬಾಲಕ್ಕೆ ಭಾರದ ಲೋಹದ ತುಂಡು ಒತ್ತಿಹಿಡಿಯಬೇಕು. ಗನ್ ಬಡಿದಾಗ ಬಾಲ ಚಪ್ಪಟೆಯಾಗಿ ಅಂಗಿಯ ಗುಂಡಿಯ ಹಾಗೆ ಕೂರುತ್ತದೆ. ಆ ಗುಂಡಿಯ ಅಗಲ ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು ಇರಬೇಕು. ನನ್ನ ಮೈಕಟ್ಟು ಸಣ್ಣದು, ಆದ್ದರಿಂದ ಒಡಲಿನ ಹಿಂಬದಿಯ ಕಿರಿದಾದ ಕೊಳವೆಯೊಳಗೆ ಮಲಗಿ ತುಂಡು ಹಿಡಿಯುವುದು ನನ್ನ ಪಾಲಿಗೆ ಬಂತು. ಹೊರಗೆ ನನ್ನ ತಮ್ಮ ಗನ್ ಹಿಡಿದಿರುತ್ತಿದ್ದ. ರೆಕ್ಕೆಯ ಕೆಲಸದಲ್ಲಿ ಅವನು ಒಳಗೆ, ನಾನು ಹೊರಗೆ. ಅವನ ಕಣ್ಣು ಬಹಳ ಕಟ್ಟುನಿಟ್ಟು. ಒಂದು ಸಂಜೆ ನಲವತ್ತು ರಿವೆಟ್ ಹೊಡೆದು ಸುಸ್ತಾಗಿದ್ದೆ. ಒಳಗಿನಿಂದ ದನಿ ಬಂತು.

"ಅಕ್ಕಾ, ಇದು ವಾಲಿದೆ."

"ಎಷ್ಟು ವಾಲಿದೆ? ಗೇಜು ಇಟ್ಟು ನೋಡು, ನಡೆಯುತ್ತೇನೋ."

"ಗೇಜು ಒಪ್ಪುತ್ತೆ. ನಂಗೆ ಒಪ್ಪಿಗೆಯಿಲ್ಲ. ಇದರ ಮೇಲೆ ಕೂತು ಹಾರೋಳು ನೀನು. ತೆಗೆದುಬಿಡು."

ತೆಗೆದೆ. ಈ ರಿವೆಟ್ಟಿನ ಉಬ್ಬುತಲೆಯ ನಡುವೆ ಒಂದು ಚಿಕ್ಕ ಕುಳಿ ಇರುತ್ತದೆ. ಲೋಹ ಯಾವುದೆಂದು ಗುರುತಿಸಲು ಇಟ್ಟ ಗುರುತು ಅದು, ಡ್ರಿಲ್ಲಿನ ತುದಿ ಕೂರಲೂ ಅದೇ ಜಾಗ. ತಲೆಯಷ್ಟೇ ಆಳಕ್ಕೆ ಡ್ರಿಲ್ ಇಳಿಸಿ, ಪಿನ್ನು ತೂರಿಸಿ ಮೆಲ್ಲಗೆ ಬಗ್ಗಿಸಿದರೆ ತಲೆ ಟಕ್ ಎಂದು ಕಳಚುತ್ತದೆ, ಬಾಲವನ್ನು ಹಿಂದಕ್ಕೆ ತಟ್ಟಿದರೆ ಆಯಿತು. ತೂತು ಅಗಲವಾಗದೆ ಉಳಿದರೆ ಕೆಲಸ ಗೆದ್ದಂತೆ. ಈ ತೆಗೆಯುವ ಕೆಲಸವನ್ನು ಬೇಡದ ತಗಡಿನ ಮೇಲೆ ಮೊದಲು ನೂರು ಸಲ ಮಾಡಿ. ಹೊಡೆಯುವುದಕ್ಕಿಂತ ತೆಗೆಯುವುದು ಚೆನ್ನಾಗಿ ಬಂದರೆ ಮುಂದಿನ ಯಾವ ತಪ್ಪಿಗೂ ಕೈ ನಡುಗುವುದಿಲ್ಲ.

ತೆಗೆಯಲಾಗದ ತಪ್ಪೂ ಒಂದಾಯಿತು. ಚಪ್ಪಟೆ ತಲೆಯ ರಿವೆಟ್ ಕೂರಲು ಪ್ರತಿ ತೂತಿನ ಸುತ್ತ ತಗಡನ್ನು ಅಚ್ಚಿನಿಂದ ಒತ್ತಿ ಬಟ್ಟಲಿನ ಆಕಾರ ಮಾಡಬೇಕು, ಡಿಂಪಲ್ ಅನ್ನುತ್ತಾರೆ. ದೊಡ್ಡ ಸಿ ಆಕಾರದ ಚೌಕಟ್ಟಿನಲ್ಲಿ ಅಚ್ಚು ಸಿಕ್ಕಿಸಿ ಸುತ್ತಿಗೆಯಿಂದ ಒಂದೇ ಏಟು. ರೆಕ್ಕೆಯ ಮೇಲ್ತಗಡಿನಲ್ಲಿ ಕೊನೆಯ ಸಾಲಿನ ಹೊತ್ತಿಗೆ ಅಚ್ಚಿನ ಮೊನೆ ತೂತಿನೊಳಗೆ ಇಳಿದಿದೆಯೇ ಎಂದು ಬೆರಳಾಡಿಸಿ ನೋಡದೆ ಏಟು ಹಾಕಿದೆ. ತೂತಿನ ಪಕ್ಕದಲ್ಲಿ ಇನ್ನೊಂದು ತೂತು, ಎರಡೂ ಸೇರಿ ಎಂಟರ ಆಕಾರ. ಆ ತಗಡನ್ನು ಬದಿಗಿಟ್ಟು ಹೊಸದು ತರಿಸಿದೆ, ಬರಲು ಏಳು ವಾರ. ಅವತ್ತಿನಿಂದ ರಾತ್ರಿ ಎಂಟರ ಮೇಲೆ ಡಿಂಪಲ್ ಕೆಲಸ ಮುಟ್ಟಲಿಲ್ಲ.

ಇನ್ನು ಪೆಟ್ರೋಲ್ ಟ್ಯಾಂಕು. ರೆಕ್ಕೆಯ ಮುಂಭಾಗವೇ ಟ್ಯಾಂಕು, ಬೇರೆ ಡಬ್ಬ ಇಲ್ಲ. ಪ್ರತಿ ರಿವೆಟ್ಟು, ಪ್ರತಿ ಕೀಲು ಸೋರದಂತೆ ಮೆತ್ತುವ ಕಪ್ಪು ಸೀಲೆಂಟಿನಲ್ಲಿ ಮುಳುಗಬೇಕು. ಎರಡು ಭಾಗದ ಈ ಸೀಲೆಂಟನ್ನು ತೂಕದಲ್ಲಿ ಹತ್ತಕ್ಕೆ ಒಂದರಂತೆ ಕಲಸಬೇಕು. ಕಣ್ಣಳತೆ ಸಲ್ಲದು, ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ಕಲಸಿದ ಮೇಲೆ ಸುಮಾರು ಎರಡು ಗಂಟೆಯೊಳಗೆ ಕೆಲಸ ಮುಗಿಯಬೇಕು. ಇಲ್ಲಿ ನನ್ನ ಮೊದಲ ದೊಡ್ಡ ದೂರು: ಕಿಟ್ ಜೊತೆ ಬಂದ ಸೀಲೆಂಟ್ ಡಬ್ಬಕ್ಕೆ ಬಳಕೆಯ ಅವಧಿ ಇನ್ನು ಆರೇ ವಾರ ಉಳಿದಿತ್ತು. ರೆಕ್ಕೆಯ ಕಿಟ್ ಬಂದು ಟ್ಯಾಂಕಿನ ಹಂತ ಮುಟ್ಟಲು ಯಾರಿಗಾದರೂ ತಿಂಗಳುಗಳು ಬೇಕೆಂದು ಕಳಿಸುವವರಿಗೆ ಗೊತ್ತಿಲ್ಲವೇ? ಆ ಡಬ್ಬ ಬಿಸಾಡಿ ಬೇರೆ ಕಡೆಯಿಂದ ತಾಜಾ ತರಿಸಿಕೊಂಡೆ. ನೀವು ರೆಕ್ಕೆಯ ಕಿಟ್ ಬರೆಸುವಾಗ ಸೀಲೆಂಟ್ ಬೇಡ, ಕೇಳಿದಾಗ ಕಳಿಸಿ ಎಂದು ಬರೆಸಿ.

ಪರೀಕ್ಷೆ ಸರಳ. ಟ್ಯಾಂಕಿನ ಎಲ್ಲ ಬಾಯಿ ಮುಚ್ಚಿ, ಒಂದಕ್ಕೆ ಬಲೂನು ಕಟ್ಟಿ, ಮೆಲ್ಲಗೆ ಗಾಳಿ ತುಂಬಿ ಬಿಡುವುದು. ಬಲ ಟ್ಯಾಂಕಿನ ಬಲೂನು ರಾತ್ರಿ ಸೊರಗಿತು, ಮಧ್ಯಾಹ್ನ ಮತ್ತೆ ಉಬ್ಬಿತು. ಅದು ಸೋರಿಕೆಯಲ್ಲ, ಚಳಿ ಬಿಸಿಯ ಆಟ. ಎಡ ಟ್ಯಾಂಕಿನದು ಬೆಳಗಾಗುವಷ್ಟರಲ್ಲಿ ಜೋತುಬಿದ್ದಿತ್ತು, ಮಧ್ಯಾಹ್ನವೂ ಏಳಲಿಲ್ಲ. ಸೋಪಿನ ನೀರು ಹಚ್ಚುತ್ತ ಹೋದೆವು. ಹಿಂಬದಿಯ ತಗಡೂ ತುದಿಯ ರಿಬ್ಬೂ ಕೂಡುವ ಮೂಲೆಯಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಆ ಮೂಲೆಗೆ ಕೈ ಹೋಗುವಂತಿಲ್ಲ. ಹಿಂಬದಿಯ ತಗಡಿನಲ್ಲಿ ಕೈ ಹೋಗುವಷ್ಟು ಗುಂಡನೆ ಕತ್ತರಿಸಿ, ಒಳಗಿನಿಂದ ಹಳೆಯದನ್ನು ಕೆರೆದು ಹೊಸ ಸೀಲೆಂಟ್ ತುಂಬಿ, ಕತ್ತರಿಸಿದ ಜಾಗಕ್ಕೆ ಮುಚ್ಚಳದ ತಗಡು ರಿವೆಟ್ ಮಾಡಿದೆವು. ಮೂರು ವಾರ ಹಿಡಿಯಿತು. ಈ ಕೆರೆತದ ಕಥೆ ಮುಂದೆ ಇನ್ನೊಂದು ಕಡೆ ತಲೆ ಎತ್ತಿತು.

ಮ್ಯಾನುಯಲ್ ಬಗ್ಗೆ ಈಗ ಹೇಳುತ್ತೇನೆ. ಬಾಲದ ಕಂತಿಗೆ ಅದು ಕೈಹಿಡಿದು ನಡೆಸುತ್ತದೆ, ಯಾವ ತೂತಿಗೆ ಯಾವ ರಿವೆಟ್ ಎನ್ನುವವರೆಗೆ. ರೆಕ್ಕೆಯಲ್ಲಿ ಸ್ವಲ್ಪ ಸಡಿಲ. ಒಡಲಿಗೆ ಬರುವ ಹೊತ್ತಿಗೆ ಒಂದು ದೊಡ್ಡ ಡ್ರಾಯಿಂಗ್ ಕೊಟ್ಟು ನೀವೇ ನೋಡಿಕೊಳ್ಳಿ ಎನ್ನುತ್ತದೆ. ಫೈರ್‌ವಾಲ್, ಅಂದರೆ ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಬೆಂಕಿತಡೆ ಗೋಡೆ ದಾಟಿ ಇಂಜಿನ್ ಕಡೆ ಬಂದರೆ ಕೆಲವೇ ಪುಟ. ಕಟ್ಟುವವರು ಅಷ್ಟರಲ್ಲಿ ಕಲಿತಿರುತ್ತಾರೆ ಎಂಬುದು ಅವರ ವಾದ ಇರಬಹುದು. ನಾನು ಒಪ್ಪುವುದಿಲ್ಲ. ರಿವೆಟ್ ಹೊಡೆಯಲು ಕಲಿತ ಕೈಗೆ ಪೆಟ್ರೋಲ್ ಪೈಪನ್ನು ಸೈಲೆನ್ಸರಿನಿಂದ ಎಷ್ಟು ದೂರ ಇಡಬೇಕು, ವೈರಿನ ತುದಿಗೆ ಸೋಲ್ಡರ್ ಯಾಕೆ ಬೇಡ, ಒತ್ತಿ ಬಿಗಿಯುವ ಕ್ರಿಂಪ್ ಯಾಕೆ ಬೇಕು ಎಂಬುದು ತಾನಾಗಿ ಬರುವುದಿಲ್ಲ. ಸೋಲ್ಡರ್ ಹಾಕಿದ ಕಡೆ ವೈರು ಬಿಗಿಯಾಗುತ್ತದೆ, ಅದರ ಪಕ್ಕದಲ್ಲೇ ಇಂಜಿನ್ನಿನ ನಡುಕಕ್ಕೆ ಎಳೆಗಳು ಮುರಿಯುತ್ತವೆ. ಇದನ್ನು ನನಗೆ ಹೇಳಿಕೊಟ್ಟವರು ಹಳೆಯ ವಿಮಾನ ಮೆಕ್ಯಾನಿಕ್ ಒಬ್ಬರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳನ್ನು ಅಧ್ಯಯನ ಮಾಡಿತ್ತು. ಹೆಚ್ಚು ಸಲ ಕಂಡ ಕಾರಣಗಳು ಎರಡು: ಇಂಜಿನ್ ಕಡೆಯ ವೈಫಲ್ಯ, ಹಾರುವಾಗ ಹಿಡಿತ ತಪ್ಪಿದ್ದು. ಅದರಲ್ಲೂ ಕಟ್ಟಿದ ಹೊಸತರಲ್ಲಿ ಆದ ಅಪಘಾತಗಳೇ ಎದ್ದುಕಾಣುತ್ತವೆ. ರೆಕ್ಕೆ ಮುರಿದು ಬೀಳುವುದನ್ನು ನೆನೆದು ನಾವು ಹೆದರುತ್ತೇವೆ, ಅಪಾಯ ಇರುವುದು ಮ್ಯಾನುಯಲ್ ತೆಳ್ಳಗಾಗುವ ಜಾಗದಲ್ಲಿ.

ನನಗೆ ಅದು ಕಣ್ಣಾರೆ ಕಂಡದ್ದು ಪೆಟ್ರೋಲ್ ಹರಿವಿನ ಪರೀಕ್ಷೆಯಲ್ಲಿ. ಮೂತಿಯ ಚಕ್ರವನ್ನು ಹಲಗೆಯ ಮೇಲೇರಿಸಿ, ವಿಮಾನ ಏರುವಾಗ ಎಷ್ಟು ಮೂತಿ ಎತ್ತುತ್ತದೋ ಅಷ್ಟೇ ಕೋನಕ್ಕೆ ನಿಲ್ಲಿಸಬೇಕು. ಟ್ಯಾಂಕಿನಲ್ಲಿ ತಳಮಟ್ಟದ ಪೆಟ್ರೋಲ್ ಇಟ್ಟು, ಕಾರ್ಬ್ಯುರೇಟರಿಗೆ ಹೋಗುವ ಪೈಪು ಬಿಚ್ಚಿ, ಪಂಪ್ ಹಾಕಿ, ಎಷ್ಟು ಹೊತ್ತಿಗೆ ಎಷ್ಟು ಬಂತು ಎಂದು ಅಳೆಯಬೇಕು. ಪಂಪಿನ ವ್ಯವಸ್ಥೆಯಾದರೆ ಇಂಜಿನ್ ಪೂರ್ತಿ ಶಕ್ತಿಯಲ್ಲಿ ಕುಡಿಯುವುದರ 125 ಪ್ರತಿಶತವಾದರೂ ಬರಬೇಕು. ಬಲ ಟ್ಯಾಂಕು ಸಲೀಸಾಗಿ ಗೆದ್ದಿತು. ಎಡ ಟ್ಯಾಂಕಿನ ಧಾರೆ ಮೊದಲು ಚೆನ್ನಾಗಿದ್ದು, ಎರಡನೇ ನಿಮಿಷಕ್ಕೆ ಸಣ್ಣಗಾಯಿತು. ಫಿಲ್ಟರ್ ಬಿಚ್ಚಿದರೆ ಜಾಲರಿಯ ತುಂಬ ಕಪ್ಪು ಚೂರುಗಳು. ಅವತ್ತು ಮೂಲೆ ಕೆರೆದಾಗ ಉದುರಿದ ಸೀಲೆಂಟು. ನಾನು ಬಟ್ಟೆಯಲ್ಲಿ ಒರೆಸಿದ್ದೆ, ಸಾಕೆಂದುಕೊಂಡಿದ್ದೆ. ಟ್ಯಾಂಕನ್ನು ಐದು ಸಲ ತೊಳೆದು, ಆರನೇ ಸಲ ಫಿಲ್ಟರ್ ಶುದ್ಧವಾಗಿ ಬಂದ ಮೇಲೆ ಪರೀಕ್ಷೆ ಮೊದಲಿನಿಂದ ಮಾಡಿದೆ. ಇಂಥ ಪರೀಕ್ಷೆಗೆ ಮ್ಯಾನುಯಲ್‌ನಲ್ಲಿ ಇದ್ದದ್ದು ಎರಡು ಸಾಲು. ಕಿಟ್ ತಯಾರಕರಲ್ಲಿ ನನ್ನ ಕೋರಿಕೆ ಒಂದೇ: ಬಾಲಕ್ಕೆ ಕೊಟ್ಟಷ್ಟು ಪುಟಗಳನ್ನು ಇದಕ್ಕೂ ಕೊಡಿ.

ತೂಕ ಹಾಕುವುದು, ಕಾಗದಪತ್ರ, ತಪಾಸಣೆ ಎಲ್ಲ ನಿಮ್ಮ ದೇಶದ ವಿಮಾನಯಾನ ಇಲಾಖೆಯ ನಿಯಮದಂತೆ ನಡೆಯುತ್ತದೆ, ಉದ್ದಕ್ಕೆ ಹೇಳುವುದಿಲ್ಲ. ಪ್ರತಿ ದಿನದ ಕೆಲಸದ ಫೋಟೋ ಮತ್ತು ಬರಹ ಇಟ್ಟಿದ್ದು ನನ್ನನ್ನು ಕಾಪಾಡಿತು. ಮೂರು ಚಕ್ರದಡಿ ಮೂರು ತಕ್ಕಡಿ ಇಟ್ಟಾಗ ಬಂದ ಖಾಲಿ ತೂಕ 498 ಕಿಲೋ. ನಾನು ಅಂದುಕೊಂಡದ್ದಕ್ಕಿಂತ 20 ಕಿಲೋ ಹೆಚ್ಚು. ಬಣ್ಣ, ಸೀಟಿನ ದಿಂಬು, ಇರಲಿ ಎಂದು ಹಾಕಿದ ಹೆಚ್ಚುವರಿ ಉಪಕರಣ. ಒಬ್ಬರು ತಮ್ಮ ಲಗೇಜು ಬಿಟ್ಟುಬರಬೇಕಾದಷ್ಟು ಭಾರ ಅದು.

ಮೊದಲ ಹಾರಾಟಕ್ಕೆ ಮುಂಚೆ ಇದೇ ಮಾದರಿಯ ಇನ್ನೊಬ್ಬರ ವಿಮಾನದಲ್ಲಿ ಹತ್ತು ಗಂಟೆ ಕಲಿತೆ. ಇದನ್ನು ಯಾರೂ ಬಿಡಬಾರದು. ಕಟ್ಟುತ್ತಿದ್ದ ಐದು ವರ್ಷದಲ್ಲಿ ನನ್ನ ಹಾರಾಟದ ಕೈ ಮರೆತೇ ಹೋಗಿತ್ತು. ಹೊಸ ಇಂಜಿನ್‌ನಲ್ಲಿ ಪಿಸ್ಟನ್ ರಿಂಗು ಸಿಲಿಂಡರಿಗೆ ಹೊಂದಿಕೊಳ್ಳಬೇಕಾದರೆ ಮೊದಲ ಗಂಟೆಗಳಲ್ಲಿ ಹೆಚ್ಚು ಶಕ್ತಿಯಲ್ಲೇ ಓಡಿಸಬೇಕು, ಆದ್ದರಿಂದ ನೆಲದ ಮೇಲೆ ಸುಮ್ಮನೆ ಓಡಾಡಿಸಿ ಬಿಸಿ ಮಾಡಲಿಲ್ಲ. ಗಾಳಿಯಿಲ್ಲದ ಒಂದು ಬೆಳಗ್ಗೆ ಹಾರಲು ಹೊರಟೆ. ತಮ್ಮ ರೇಡಿಯೋ ಹಿಡಿದು ರನ್‌ವೇ ಪಕ್ಕ ನಿಂತಿದ್ದ. ಥ್ರಾಟಲ್ ಪೂರ್ತಿ ಒತ್ತಿದಾಗ ಸೀಟು ಬೆನ್ನಿಗೆ ತಳ್ಳಿತು, ನಾನು ಎಳೆಯುವ ಮುನ್ನವೇ ನೆಲ ಬಿಟ್ಟಿತ್ತು. ಹೊರಗೆ ನೋಡಲಿಲ್ಲ. ಕಣ್ಣು ಎಣ್ಣೆಯ ಒತ್ತಡದ ಮೇಲೆ, ಸಿಲಿಂಡರ್ ಬಿಸಿಯ ಮೇಲೆ. ವಿಮಾನ ನಿಲ್ದಾಣದ ಮೇಲೆಯೇ ಸುತ್ತು ಹಾಕುತ್ತಿದ್ದಾಗ ಮೂರನೇ ಸಿಲಿಂಡರ್ 430 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಲೈಕಮಿಂಗ್ ಹೇಳುವ ಮೇರೆ 500, ಆದರೂ ಅಷ್ಟು ಬಿಸಿ ನನಗೆ ಬೇಡವಾಗಿತ್ತು. ಮೂತಿ ತಗ್ಗಿಸಿ ವೇಗ ಹೆಚ್ಚಿಸಿದೆ, ಗಾಳಿ ಹೆಚ್ಚು ನುಗ್ಗಿ ಇಳಿಯಿತು. 38 ನಿಮಿಷಕ್ಕೆ ನೆಲ ಮುಟ್ಟಿದೆ. ಗಾಜಿನ ಮುಚ್ಚಳ ತೆರೆದಾಗ ತಮ್ಮ ಮಾತಾಡಲಿಲ್ಲ. ರೆಕ್ಕೆಯಡಿ ಬಗ್ಗಿ ಎಲ್ಲಾದರೂ ಸೋರಿದೆಯೇ ಎಂದು ನೋಡುತ್ತ ಒಂದು ಸುತ್ತು ಬಂದ, ಆಮೇಲೆ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟ. ನಾನೂ ಅತ್ತೆ.

ಮೂರನೇ ಸಿಲಿಂಡರಿನ ಬಿಸಿಗೆ ಕಾರಣ ಮರುದಿನ ಸಿಕ್ಕಿತು. ಈ ಇಂಜಿನ್‌ಗೆ ಗಾಳಿ ಮೇಲಿನಿಂದ ಕೆಳಕ್ಕೆ ಸಿಲಿಂಡರಿನ ಮೈಮೇಲಿನ ತೆಳು ಲೋಹದ ಪಟ್ಟಿಗಳ ನಡುವೆ ಹರಿಯಬೇಕು. ಬಲಗಡೆ ಹಿಂದಿರುವ ಮೂರನೇ ಸಿಲಿಂಡರಿನ ಬೆನ್ನಿಗೆ ಅಡ್ಡತಗಡು ಅಂಟಿಕೊಂಡೇ ನಿಂತಿತ್ತು, ಅಲ್ಲಿ ಗಾಳಿಗೆ ದಾರಿಯೇ ಇರಲಿಲ್ಲ. ವಾಷರ್ ಕೊಟ್ಟು ತಗಡನ್ನು ಸ್ವಲ್ಪ ಹಿಂದೆ ಸರಿಸಿದೆ, ಸುತ್ತಲಿನ ಸಂದುಗಳಿಗೆ ಸಿಲಿಕೋನ್ ತುಂಬಿದೆ. 20 ಡಿಗ್ರಿ ಇಳಿಯಿತು.

ಹಾರಾಟದಲ್ಲಿ ಈ ವಿಮಾನದಲ್ಲಿ ತಪ್ಪು ಹುಡುಕುವಂತಿಲ್ಲ. ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಐಲರಾನ್‌ಗಳಿಗೆ ಕೇಬಲ್ ಬದಲು ಗಟ್ಟಿ ಕೊಳವೆಗಳಿರುವುದರಿಂದ ಕೈಗೂ ರೆಕ್ಕೆಗೂ ನಡುವೆ ಸಡಿಲವೇ ಇಲ್ಲ, ಎರಡು ಬೆರಳಲ್ಲಿ ತಿರುಗುತ್ತದೆ. ಸ್ಟಾಲ್ ಆಗುವ, ಅಂದರೆ ವೇಗ ತೀರ ಇಳಿದು ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಮುನ್ನ ಸೀಟಿನಡಿ ಸಣ್ಣ ನಡುಕ ಬಂದು ಎಚ್ಚರಿಸುತ್ತದೆ. ಮೊದಮೊದಲು ಎಡ ರೆಕ್ಕೆ ವಾಲುತ್ತಿತ್ತು. ಐಲರಾನಿನ ಹಿಂದಂಚನ್ನು ಕೂದಲೆಳೆಯಷ್ಟು ಒತ್ತಿದ್ದಕ್ಕೇ ಸರಿಹೋಯಿತು. ಇನ್ನೊಂದು ಸಂಗತಿ: ವೇಗಮಾಪಕಕ್ಕೆಂದು ಗಾಳಿಯ ಒತ್ತಡ ಅಳೆಯುವ, ಒಡಲಿನ ಪಕ್ಕದಲ್ಲಿರುವ ತೂತಿಗೆ ಕಿಟ್ಟಿನಲ್ಲಿ ಉಬ್ಬುತಲೆಯ ಸಾದಾ ರಿವೆಟ್ ಕೊಟ್ಟಿರುತ್ತಾರೆ. ನೋಡಲು ಒರಟು. ನಯವಾದ, ತಗಡಿಗೆ ಸಮವಾದ ತುಂಡು ಹಾಕೋಣ ಎಂದುಕೊಂಡಿದ್ದೆ, ಪುಣ್ಯಕ್ಕೆ ಹಾಕಲಿಲ್ಲ. ಆ ಉಬ್ಬೇ ಅಲ್ಲಿಯ ಗಾಳಿಯ ಹರಿವನ್ನು ಸರಿಗೊಳಿಸುತ್ತದೆ, ನಯ ಮಾಡಿದವರ ವೇಗಮಾಪಕ ತಪ್ಪು ತೋರಿಸುತ್ತದೆ. ಜಿಪಿಎಸ್ ಇಟ್ಟುಕೊಂಡು ನಾಲ್ಕು ದಿಕ್ಕಿಗೆ ಹಾರಿ ಲೆಕ್ಕ ಹಾಕಿದಾಗ ನನ್ನ ವೇಗಮಾಪಕ ಸರಿಯಾಗೇ ಇತ್ತು.

ಕೊಳ್ಳುವ ಮನಸ್ಸಿದ್ದರೆ ಮೊದಲು ಬಾಲದ ಕಂತು ಮಾತ್ರ ಬರೆಸಿ. ಮೂರು ತಿಂಗಳು ಅದರ ಜೊತೆ ಕಳೆದರೆ ಮುಂದಿನ ಐದು ವರ್ಷ ಈ ಕೆಲಸ ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ. ಬೇಗ ಹಾರಬೇಕು ಎನ್ನುವವರು ಹಾರಲು ಸಿದ್ಧವಿರುವ ಹಳೆಯ ವಿಮಾನ ಕೊಳ್ಳಲಿ, ಅದರಲ್ಲಿ ಯಾವ ಕೊರತೆಯೂ ಇಲ್ಲ. ರಿವೆಟ್ ಹಿಡಿಯಲು ಜೊತೆಗೊಬ್ಬರು ಖಾಯಂ ಸಿಗುತ್ತಾರೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.

ಮೊನ್ನೆ 100 ಗಂಟೆಯ ತಪಾಸಣೆಗೆ ಇಂಜಿನ್ ಮುಚ್ಚಳ ಬಿಚ್ಚಿದೆವು. ಎಣ್ಣೆಯ ಪೈಪೊಂದು ಇಂಜಿನ್ ಹಿಡಿದ ಕಂಬಿಗೆ ಉಜ್ಜುತ್ತ ಹೊರಗವಸು ಸವೆದಿತ್ತು, ಪೈಪು ಬದಲಿಸಿ ನಡುವೆ ಕ್ಲಾಂಪು ಹಾಕಿದೆ. ಎಡ ಟ್ಯಾಂಕಿನ ಆ ಮೂಲೆಗೆ ತಮ್ಮ ಟಾರ್ಚ್ ಬಿಟ್ಟು ನೋಡಿದ. ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಇರುವುದರಿಂದ ಸೋರಿದರೆ ಕಲೆ ಬಿಡುತ್ತದೆ. ಕಲೆ ಇರಲಿಲ್ಲ. ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಕೊಡವಿದೆ, ಏನೂ ಬೀಳಲಿಲ್ಲ.